ಕಾರ್ನರ್ ವೈನ್ ಬಾರ್ ಬಗ್ಗೆ ನಮ್ಮ ಬಡಾವಣೆ ಸಂಘಕ್ಕೆ ಒಂದು ಬಹಿರಂಗ ಪತ್ರ

ಸಂಘದ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಕಮಿಟಿಯ ಹಿರಿಯರಿಗೆ, ಮತ್ತೆ ನಮ್ಮ ಬಡಾವಣೆಯ ಎಲ್ಲಾ ಕ್ರಾಸಿನವರಿಗೂ ನಮಸ್ಕಾರ.

ಸಹಿ ಸಂಗ್ರಹದ ಹಾಳೆ ನಮ್ಮನೆಗೂ ಬಂತು. "ಬಡಾವಣೆ ಮಧ್ಯೆ ಬಾರ್ ಬೇಡ, ನಮ್ಮ ಸಂಸ್ಕೃತಿಗೆ ಧಕ್ಕೆ, ಹೆಣ್ಣುಮಕ್ಕಳಿಗೆ ರಕ್ಷಣೆ ಇಲ್ಲ, ತಕ್ಷಣ ಲೈಸೆನ್ಸ್ ರದ್ದು ಮಾಡಬೇಕು" ಅಂತ ಬರೆದಿತ್ತು. ನಾನು ಸಹಿ ಹಾಕ್ಲಿಲ್ಲ. ರಾತ್ರಿ ಹೊತ್ತಿಗೆ ವಾಟ್ಸಾಪ್ ಗ್ರೂಪಲ್ಲಿ "ಕೆಲವರು ಸಹಕರಿಸುತ್ತಿಲ್ಲ" ಅಂತ ಮೆಸೇಜ್ ಬಂತು, ಆ ಕೆಲವರು ಯಾರು ಅಂತ ಎಲ್ರಿಗೂ ಗೊತ್ತು, ಹಾಗಾಗಿ ಮುಚ್ಚುಮರೆ ಯಾಕೆ, ಎಲ್ಲರ ಎದುರೇ ಹೇಳಿಬಿಡೋಣ ಅಂತ ಇದನ್ನ ಬರೀತಿದ್ದೀನಿ. ಗ್ರೂಪಲ್ಲಿ ಹಾಕಿದ್ರೆ ಮೇಲೆ ನಾಲ್ಕು ಗುಡ್ ಮಾರ್ನಿಂಗ್ ಹೂವು ಬಂದು ಮುಚ್ಚಿಹೋಗುತ್ತೆ.

ಮೊದಲನೇದಾಗಿ ಒಂದು ಪ್ರಶ್ನೆ. ಹಾಳೆ ಹಿಡ್ಕೊಂಡು ಓಡಾಡಿದವರಲ್ಲಿ ಎಷ್ಟು ಜನ ಒಳಗೆ ಹೋಗಿ ನೋಡಿದ್ದೀರಿ? ಕುಡೀಬೇಕಾಗಿಲ್ಲ, ಬಾಗಿಲು ತಳ್ಳಿ ಒಂದ್ಸಲ ಇಣುಕಿದ್ರೂ ಸಾಕಿತ್ತು.

ಮೇನ್ ರೋಡ್ ಕಾರ್ನರ್‌ನಲ್ಲಿ ಮೊದಲು ಟೈಲ್ಸ್ ಅಂಗಡಿ ಇತ್ತಲ್ಲ, ಅದು ಮುಚ್ಚಿದ್ಮೇಲೆ ಶಟರ್ ಮುಂದೆ ಕಸದ ಗುಡ್ಡೆ ಬೆಳೀತಾ ಇತ್ತು, ಅದೇ ಜಾಗ. ಬೋರ್ಡ್ ಎಷ್ಟು ಚಿಕ್ಕದು ಅಂದ್ರೆ ನಾವು ಎಷ್ಟೋ ದಿನ ಅದನ್ನ ಬೊಟೀಕ್ ಅನ್ಕೊಂಡಿದ್ವಿ. ಒಂದಿನ ಸಂಜೆ ಮಳೆ ಜೋರಾಗಿ ಬಂತು, ನಾನೂ ನನ್ನ ಹೆಂಡ್ತಿನೂ ಮೆಡಿಕಲ್ ಸ್ಟೋರಿಂದ ವಾಪಸ್ ಬರ್ತಾ ಅದರ ಸಜ್ಜೆ ಕೆಳಗೆ ನಿಂತ್ವಿ, ಒಳಗಿಂದ ಬೆಳ್ಳುಳ್ಳಿ ಹುರಿಯೋ ವಾಸನೆ ಬಂತು ನೋಡಿ, ಒಳಗೆ ಹೋದ್ವಿ. ಅಷ್ಟೇ ಕಥೆ. ಒಳಗೆ ಏಳೆಂಟು ಟೇಬಲ್, ಒಂದು ಉದ್ದ ಕಟ್ಟೆ, ಕಟ್ಟೆ ಮುಂದೆ ಎತ್ತರದ ಸ್ಟೂಲು, ಗೋಡೆ ಮೇಲೆ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಲ್ಲಿ ಬರೆದ ಮೆನು. ಟಿವಿ ಇಲ್ಲ! ಕ್ರಿಕೆಟ್ ಇಲ್ಲ, ಡಿಜೆ ಇಲ್ಲ, ಹೊಗೆ ಇಲ್ಲ, ಆ ಕತ್ತಲೆ ನೀಲಿ ಲೈಟ್ ಇಲ್ಲ. ಒಂದು ಟೇಬಲ್‌ನಲ್ಲಿ ಯಾರೋ ಇಬ್ಬರು ಹೆಂಗಸರು ಲ್ಯಾಪ್‌ಟಾಪ್ ಇಟ್ಕೊಂಡು ಕೆಲಸದ ಮಾತಾಡ್ತಿದ್ರು, ಇನ್ನೊಂದರಲ್ಲಿ ನಮ್ಮ ಬಡಾವಣೆಯವರೇ ಒಬ್ಬರು ರಿಟೈರ್ಡ್ ಬ್ಯಾಂಕ್ ಅಧಿಕಾರಿ ಮತ್ತೆ ಅವರ ಮನೆಯವರು (ಹೆಸರು ಹೇಳಲ್ಲ ಬಿಡಿ, ಆ ಹಾಳೇಲಿ ಅವರ ಸಹಿ ಇದೆ).

ತಿಂಡಿ ವಿಷಯ ಹೇಳಲೇಬೇಕು. ಇವರು ಮಾಡೋದು ಸ್ಪೇನ್ ದೇಶದ ತಾಪಸ್, ಅಂದ್ರೆ ಪುಟ್ಟ ಪುಟ್ಟ ಪ್ಲೇಟಲ್ಲಿ ಬರೋ ತಿನಿಸು, ನಾಲ್ಕೈದು ತರಿಸ್ಕೊಂಡು ಟೇಬಲ್ ಮಧ್ಯ ಇಟ್ಟು ಎಲ್ಲರೂ ಹಂಚ್ಕೊಂಡು ತಿನ್ನೋದು. ಮೊದಲ ಪ್ಲೇಟ್ ಬಂದಾಗ ನನ್ನ ಹೆಂಡ್ತಿ "ಇದೇನ್ರೀ, ಸ್ಯಾಂಪಲ್ಲಾ?" ಅಂದ್ಲು. ಬ್ರೆಡ್ ಸುಟ್ಟು, ಅದರ ಮೇಲೆ ಬೆಳ್ಳುಳ್ಳಿ ಉಜ್ಜಿ, ಹಣ್ಣು ಟೊಮೇಟೊ ಉಜ್ಜಿ, ಆಲಿವ್ ಎಣ್ಣೆ ಉಪ್ಪು ಹಾಕಿ ಕೊಟ್ಟಿದ್ರು, ಬರೀ ಇಷ್ಟೇ, ಆದ್ರೆ ಹುಡುಗ ನಮ್ಮ ಕಣ್ಮುಂದೇನೇ ಕಟ್ಟೆ ಮೇಲೆ ಉಜ್ಜಿ ಕೊಟ್ಟ, ಆ ಟೊಮೇಟೊ ರಸ ಬ್ರೆಡ್ ಒಳಗೆ ಇಳಿದು ಅಂಚು ಮಾತ್ರ ಗರಿಗರಿ ಇತ್ತು. ಆಮೇಲೆ ಆಲೂಗಡ್ಡೆ, ಕೆಂಪು ಖಾರದ ಸಾಸ್ ಜೊತೆ, ಪತಾತಾಸ್ ಬ್ರಾವಾಸ್ ಅಂತಾರೆ. ಆಮೇಲೆ ಸಿಗಡಿ. ಅಂಗೈ ಅಗಲದ ಮಣ್ಣಿನ ಬಟ್ಟಲು, ಅದರಲ್ಲಿ ಎಣ್ಣೆ ಇನ್ನೂ ಕೊತ ಕೊತ ಅಂತಿತ್ತು, ತೆಳ್ಳಗೆ ಹೆಚ್ಚಿದ ಬೆಳ್ಳುಳ್ಳಿ ಅಂಚಲ್ಲಿ ಮಾತ್ರ ಕೆಂಪಗಾಗಿತ್ತು, ಒಂದು ಒಣಮೆಣಸಿನಕಾಯಿ. ಕೇಳಿದೆ, ಬ್ಯಾಡಗಿ ಅಂದ್ರು. ಸಿಗಡಿ ಖಾಲಿ ಆದ್ಮೇಲೆ ಆ ಎಣ್ಣೇಲಿ ಬ್ರೆಡ್ ಅದ್ದಿಕೊಂಡು ತಿನ್ನಬೇಕು, ಅಸಲಿ ಮಜಾ ಅಲ್ಲಿರೋದು. ನನ್ನ ಹೆಂಡ್ತಿ ಮೀನು ಸಿಗಡಿ ಮುಟ್ಟಲ್ಲ, ಅವಳಿಗೆ ಆಲೂಗಡ್ಡೆ, ಅಣಬೆ, ಆಲಿವ್ ಕಾಯಿ, ಹುರಿದ ಹಸಿಮೆಣಸಿನಕಾಯಿ, ಇಷ್ಟರಲ್ಲೇ ಹೊಟ್ಟೆ ತುಂಬ್ತು. ವೈನೂ ಕುಡೀಲಿಲ್ಲ, ನಿಂಬೆ ಸೋಡಾ ಕುಡಿದ್ಲು. ಯಾರೂ ಮುಖ ಸಿಂಡರಿಸಲಿಲ್ಲ, ಒತ್ತಾಯನೂ ಮಾಡ್ಲಿಲ್ಲ.

ಈ ತಾಪಸ್ ಅನ್ನೋದು ಫ್ಯಾಷನ್ನಿಗೆ ಬಂದ ಶ್ರೀಮಂತರ ಊಟ ಅಂತ ಗ್ರೂಪಲ್ಲಿ ಒಬ್ಬರು ಬರೆದಿದ್ರು. ನಮ್ಮೂರಲ್ಲಿ ರೇಟ್ ನೋಡಿದ್ರೆ ಹಂಗೇ ಅನ್ಸುತ್ತೆ, ಒಪ್ಕೋತೀನಿ, ಆ ವಿಷಯಕ್ಕೆ ಆಮೇಲೆ ಬರ್ತೀನಿ. ಆದ್ರೆ ಅದರ ಹುಟ್ಟೂರಲ್ಲಿ ಅದು ಬೀದಿ ಮೂಲೆಯ ಸಾಮಾನ್ಯ ಜನರ ತಿನಿಸು. ಕಂಪನಿ ಕೆಲಸಕ್ಕೆ ಮ್ಯಾಡ್ರಿಡ್‌ಗೆ ಹೋಗಿದ್ದಾಗ ನೋಡಿದ್ದೀನಿ. ಅಲ್ಲಿ ಭಾನುವಾರ ಬೆಳಿಗ್ಗೆ ಎಲ್ ರಾಸ್ತ್ರೋ ಅಂತ ದೊಡ್ಡ ಸಂತೆ ಸೇರುತ್ತೆ, ಹಳೇ ಪುಸ್ತಕ, ಹಳೇ ಕುರ್ಚಿ, ಬಟ್ಟೆ, ಏನ್ ಬೇಕಾದ್ರೂ ಸಿಗುತ್ತೆ. ಸಂತೆ ಸುತ್ತಿ ಸುಸ್ತಾದವರೆಲ್ಲ ಪಕ್ಕದ ಲಾ ಲತೀನಾ ಕಡೆ ಬಂದು ಕಾವಾ ಬಾಹಾ ಅನ್ನೋ ರಸ್ತೆಯ ಬಾರ್‌ಗಳಿಗೆ ನುಗ್ತಾರೆ. ಅಜ್ಜಂದಿರು, ತಳ್ಳುಗಾಡೀಲಿ ಕೂಸು ಮಲಗಿಸ್ಕೊಂಡ ಅಪ್ಪ ಅಮ್ಮ, ಕಾಲೇಜ್ ಹುಡುಗರು, ಎಲ್ಲಾ ಒಂದೇ ಕಡೆ. ಒಂದು ಬಾರಲ್ಲಿ ಒಂದು ಪುಟ್ಟ ಗ್ಲಾಸು, ಒಂದು ತುಂಡು ಆಲೂಗಡ್ಡೆ ಆಮ್ಲೆಟ್ಟು (ನಮ್ಮ ಆಮ್ಲೆಟ್ ಥರ ತೆಳ್ಳಗಲ್ಲ, ಎರಡು ಬೆರಳು ದಪ್ಪ, ತಣ್ಣಗಾದ್ಮೇಲೂ ತಿಂತಾರೆ), ನಿಂತಲ್ಲೇ ತಿಂದು ಮುಗಿಸಿ ಮುಂದಿನ ಬಾರಿಗೆ. ನಮ್ಮ ದರ್ಶಿನೀಲಿ ಟೋಕನ್ ತಗೊಂಡು ಕಟ್ಟೆ ಮುಂದೆ ನಿಂತು ಇಡ್ಲಿ ವಡೆ ಮುಗಿಸಿ ಕಾಫಿ ಹೀರಿ ಹೊರಡ್ತೀವಲ್ಲ, ಅದೇ ಲೆಕ್ಕ ಕಣ್ರೀ. ದಕ್ಷಿಣದ ಗ್ರನಾಡಾ ಊರಲ್ಲಂತೂ ಇವತ್ತಿಗೂ ಒಂದು ಗ್ಲಾಸ್ ಬಿಯರೋ ವೈನೋ ತಗೊಂಡ್ರೆ ಜೊತೆಗೊಂದು ಪ್ಲೇಟ್ ತಾಪಾ ಫ್ರೀ. ಉತ್ತರದ ಸಾನ್ ಸೆಬಾಸ್ಟಿಯನ್ ಕಡೆ ಬ್ರೆಡ್ ಮೇಲೆ ಏನಾದ್ರೂ ಇಟ್ಟು ಕಡ್ಡಿ ಚುಚ್ಚಿ ಕಟ್ಟೆ ತುಂಬಾ ಜೋಡಿಸಿರ್ತಾರೆ, ಕೈಗೆ ಸಿಕ್ಕಿದ್ದು ಎತ್ಕೊಂಡು ತಿನ್ನೋದು, ಕೆಲವು ಬಾರುಗಳಲ್ಲಿ ಕೊನೇಲಿ ಕಡ್ಡಿ ಎಣಿಸಿ ಬಿಲ್ಲು.

ಖಾಲಿ ಹೊಟ್ಟೇಲಿ ಕುಡಿಯೋದು ಅಲ್ಲಿನವರಿಗೆ ಆಗಿಬರಲ್ಲ, ಗ್ಲಾಸ್ ಜೊತೆ ಬಾಯಿಗೆ ಏನಾದ್ರೂ ಇರಲೇಬೇಕು. ರಾತ್ರಿ ಊಟ ಒಂಬತ್ತು ಹತ್ತಕ್ಕೆ, ಅಲ್ಲೀವರೆಗೆ ಹಸಿವು ತಡೆಯೋಕೂ ಇದೇ. ನಿಧಾನಕ್ಕೆ ಕುಡೀತಾರೆ, ಜಾಸ್ತಿ ಮಾತಾಡ್ತಾರೆ.

ಈಗ ನಮ್ಮ ಬಡಾವಣೆಗೆ ವಾಪಸ್ ಬರೋಣ. ಬಸ್ ಸ್ಟಾಪ್ ಪಕ್ಕ ಒಂದು ಮದ್ಯದಂಗಡಿ ಇದೆ, ನಾನು ಈ ಬಡಾವಣೆಗೆ ಬರೋಕೆ ಮುಂಚಿಂದಾನೂ ಇದೆ. ಕಬ್ಬಿಣದ ಜಾಲರಿ, ಜಾಲರೀಲಿ ಒಂದು ಕಿಂಡಿ, ಕಿಂಡಿ ಒಳಗೆ ಕೈ ಹಾಕಿ ದುಡ್ಡು ಕೊಟ್ರೆ ಕ್ವಾರ್ಟರ್ ಬಾಟ್ಲಿ ಈಚೆ ಬರುತ್ತೆ. ಅಲ್ಲಿ ಕೂತು ಕುಡಿಯೋ ಹಾಗಿಲ್ಲ, ಅದು ಕಾನೂನು. ಸರಿ, ಮತ್ತೆ ತಗೊಂಡೋರು ಎಲ್ಲಿ ಕುಡೀತಾರೆ? ಫುಟ್‌ಪಾತ್ ಮೇಲೆ, ಟ್ರಾನ್ಸ್‌ಫಾರ್ಮರ್ ಹಿಂದೆ, ಪಾರ್ಕಿನ ಗೇಟ್ ಹತ್ರ. ಒಂದು ಪ್ಲಾಸ್ಟಿಕ್ ಲೋಟ, ಒಂದು ನೀರಿನ ಪ್ಯಾಕೆಟ್ಟು, ಉಪ್ಪಿನಕಾಯಿ ಸ್ಯಾಷೆ, ಎರಡೇ ಗುಟುಕಿಗೆ 42.8% ಆಲ್ಕೋಹಾಲ್ ಇರೋ ವಿಸ್ಕಿ ಗಂಟಲಿಗೆ ಸುರ್ಕೊಂಡು ಗಾಡಿ ಸ್ಟಾರ್ಟ್ ಮಾಡ್ತಾರೆ. ನನ್ನ ಮಗಳು ಟ್ಯೂಷನ್ ಮುಗಿಸ್ಕೊಂಡು ಬರೋವಾಗ ಆ ಫುಟ್‌ಪಾತ್ ಬಿಟ್ಟು ರೋಡಿಗಿಳಿದು ನಡೀತಾಳೆ. ಹೆಣ್ಣುಮಕ್ಕಳ ರಕ್ಷಣೆ ಅಂತೀರಲ್ಲ, ಆ ಅಂಗಡಿ ವಿರುದ್ಧ ಇಷ್ಟು ವರ್ಷದಲ್ಲಿ ಒಂದು ಹಾಳೆ ಹೊರಟಿಲ್ಲ ಯಾಕೆ ಅಧ್ಯಕ್ಷರೇ? ಹೆಣ್ಣುಮಕ್ಕಳು ನೆಮ್ಮದಿಯಾಗಿ ಕೂತು ಮಾತಾಡ್ತಿರೋ ಜಾಗ ಮಾತ್ರ ನಮಗೆ ಕಣ್ಣು ಚುಚ್ಚುತ್ತಾ?

ನನ್ನ ತಕರಾರು ಇಷ್ಟೇ, ಕದ್ದು ಗಬಗಬ ಕುಡಿಯೋದನ್ನ ನಾವು ಸಹಿಸ್ಕೋತೀವಿ, ಬೆಳಕಲ್ಲಿ ಕೂತು ತಿಂತಾ ಕುಡಿಯೋದನ್ನ ಸಹಿಸಲ್ಲ.

ಇದಕ್ಕೆ ಲೈಸೆನ್ಸ್ ವ್ಯವಸ್ಥೆನೂ ಒಂದು ಕಾರಣ ಅನ್ನೋದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತೆ. ನಮ್ಮ ರಾಜ್ಯದಲ್ಲಿ ಸಿಎಲ್-2 ಅಂದ್ರೆ ಬಾಟ್ಲಿ ಮಾರೋ ಅಂಗಡಿ, ಸಿಎಲ್-9 ಅಂದ್ರೆ ಬಾರ್ ಅಂಡ್ ರೆಸ್ಟೋರೆಂಟ್. ಇವುಗಳಿಗೆ ಹೊಸ ಲೈಸೆನ್ಸ್ ಕೊಡೋದನ್ನ ಸರ್ಕಾರ 1990ರ ದಶಕದಲ್ಲೇ ನಿಲ್ಲಿಸ್ತು, ಆಮೇಲೆ ಹಳೇ ಲೈಸೆನ್ಸುಗಳೇ ಕೈಯಿಂದ ಕೈಗೆ ಹೋಗ್ತಾ ಬಂದ್ವು, ಬೆಂಗಳೂರಲ್ಲಿ ಅದಕ್ಕೆ ಕೋಟಿಗಳಲ್ಲಿ ಮಾತು. ಅಷ್ಟು ದುಡ್ಡು ಸುರಿದವನು ಏಳೆಂಟು ಟೇಬಲ್ ಹಾಕ್ಕೊಂಡು ಆಲಿವ್ ಕಾಯಿ ಮಾರ್ತಾ ಕೂರ್ತಾನಾ? ಮೂರು ಮಹಡಿ, ರೂಫ್‌ಟಾಪ್, ಡಿಜೆ, ಎದೆ ನಡುಗೋ ಸ್ಪೀಕರು, ಅದೇ ಆಗೋದು. ಇಂದಿರಾನಗರ, ಕೋರಮಂಗಲದವರು ಪಬ್ಬುಗಳ ಗಲಾಟೆ ವಿರುದ್ಧ ವರ್ಷಾನುಗಟ್ಟಲೆ ಒದ್ದಾಡಿದ್ದು ಪೇಪರಲ್ಲಿ ಓದಿದ್ದೀವಿ. ಹಾಗಾಗಿ ಪುಟ್ಟದಾಗಿ, ತಣ್ಣಗೆ ನಡೆಯೋ ಒಂದು ಜಾಗ ಅಪರೂಪಕ್ಕೆ ಬಂದಿದೆ ಅಂದ್ರೆ ಅದನ್ನ ಓಡಿಸೋ ಮುಂಚೆ ಸ್ವಲ್ಪ ಯೋಚನೆ ಮಾಡಿ ಸ್ವಾಮಿ, ಇದು ಖಾಲಿಯಾದ್ರೆ ಆ ಬಿಲ್ಡಿಂಗಿಗೆ ಮುಂದೆ ಯಾರು ಬರ್ತಾರೆ ಅಂತ ನಮಗೇನು ಗೊತ್ತು.

ಇನ್ನು ಸಂಸ್ಕೃತಿ ವಿಷಯ. ದ್ರಾಕ್ಷಿ ನಮ್ಮ ಸುತ್ತಮುತ್ತಲಿನ ರೈತರ ಬೆಳೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯೋ ಬೆಂಗಳೂರು ನೀಲಿ ದ್ರಾಕ್ಷಿಗೆ ಜಿಐ ಟ್ಯಾಗೇ ಇದೆ (ಅಂದ್ರೆ ಈ ಸೀಮೆಯದೇ ಬೆಳೆ ಅನ್ನೋ ಸರ್ಕಾರಿ ಗುರುತು), ಆ ಕಪ್ಪು ದ್ರಾಕ್ಷಿ ವಾಸನೆ ಗೊತ್ತಲ್ಲ, ತಿಂದ್ರೆ ನಾಲಿಗೆ ನೇರಳೆ ಆಗುತ್ತೆ, ಜ್ಯೂಸಿಗೂ ಸಿಹಿ ಪೋರ್ಟ್ ವೈನಿಗೂ ಅದೇ ಹೋಗೋದು. ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಹತ್ರ, ಗ್ರೋವರ್ ಅನ್ನೋ ವೈನ್ ಕಂಪನಿಯವರು 1980ರ ದಶಕದ ಕೊನೆಗೇ ಫ್ರಾನ್ಸಿನ ತಳಿ ತಂದು ತೋಟ ಶುರು ಮಾಡಿದ್ರು. ಕೊಪ್ಪಳ ಜಿಲ್ಲೇಲಿ ಕೃಷ್ಮಾ ಅನ್ನೋ ತೋಟ ಇದೆ. ದೇಶದಲ್ಲಿ ವೈನ್ ಮಾಡೋದ್ರಲ್ಲಿ ಮಹಾರಾಷ್ಟ್ರ ಬಿಟ್ರೆ ನಾವೇ. 2007ರಲ್ಲಿ ಸಾರಾಯಿ ನಿಷೇಧ ಆಯ್ತಲ್ಲ, ಅದೇ ವರ್ಷ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಅಂತ ತಂದು ವೈನ್ ಬೋರ್ಡ್ ಕೂಡ ಮಾಡ್ತು, ದ್ರಾಕ್ಷಿ ರೈತನಿಗೆ ಇನ್ನೊಂದು ಮಾರ್ಕೆಟ್ ಸಿಗಲಿ ಅಂತ. ಸರ್ಕಾರವೇ ದುಡ್ಡು ಹಾಕಿ ಬೆಳೆಸ್ತಿರೋ ಬೆಳೆ ನಮ್ಮ ಬಡಾವಣೆ ಕಾರ್ನರ್‌ಗೆ ಬಂದ್ರೆ ಮಾತ್ರ ಪರಕೀಯ ಆಗಿಬಿಡುತ್ತಾ?

ಮಜಾ ಏನಂದ್ರೆ ಸ್ಪೇನಲ್ಲಿ ದ್ರಾಕ್ಷಿ ಕೊಯ್ಲು ಸೆಪ್ಟೆಂಬರ್ ಸುಮಾರಿಗೆ, ನಮ್ಮಲ್ಲಿ ಫೆಬ್ರವರಿ ಮಾರ್ಚ್‌ಗೆ. ಅಲ್ಲಿ ಚಳಿಗೆ ಬಳ್ಳಿ ತಾನಾಗೇ ಮಲಗುತ್ತೆ, ಇಲ್ಲಿ ಮಲಗೋದೇ ಇಲ್ಲ, ಅದಕ್ಕೆ ನಮ್ಮ ರೈತರು ವರ್ಷಕ್ಕೆ ಎರಡ್ಸಲ ಚಾಟ್ನಿ ಮಾಡಿ, ಅಂದ್ರೆ ಬಳ್ಳಿ ಸವರಿ, ಅದನ್ನ ದಾರಿಗೆ ತರ್ತಾರೆ. ಒಂದು ಬಾಟಲ್ ಹಿಂದೆ ಇಷ್ಟು ಕೆಲಸ ಇದೆ.

ಬಾರ್ ಮಾಲೀಕರೇ, ನೀವೂ ಇದನ್ನ ಓದ್ತೀರಿ ಅಂತ ಗೊತ್ತು, ಅದಕ್ಕೆ ನಿಮಗೂ ಎರಡು ಮಾತು, ಬರೀ ಹೊಗಳಿಕೆ ಅಂತ ತಿಳ್ಕೋಬೇಡಿ. ನಿಮ್ಮ ಹಲಗೆ ಮೇಲೆ ಸ್ಪೇನಿನ ರಿಯೋಹಾ ವೈನ್ ಇದೆ, ಅಲ್ಲೀದೇ ಗುಳ್ಳೆ ಬರೋ ಕಾವಾ ವೈನ್ ಇದೆ, ಇಟಲಿದಿದೆ, ಆದ್ರೆ ಒಂದು ಗಂಟೆ ದಾರೀಲಿರೋ ನಂದಿ ಕಡೇದು ಒಂದೇ ಒಂದು, ಅದೂ ಕೊನೇ ಸಾಲಲ್ಲಿ. ಹೊರಗಿನ ವೈನ್ ಮೇಲೆ ಕಸ್ಟಮ್ಸ್ ಸುಂಕ ವರ್ಷಾನುಗಟ್ಟಲೆ 150% ಇತ್ತು, ಅದರ ಭಾರ ನಮ್ಮ ಬಿಲ್ ಮೇಲೆ ಬೀಳುತ್ತೆ ಅಂತ ಅರ್ಥ ಆಗುತ್ತೆ, ಹಾಗಿದ್ಮೇಲೆ ಇಲ್ಲೀದನ್ನೇ ಜಾಸ್ತಿ ಇಡಿ, ರೇಟೂ ಇಳಿಯುತ್ತೆ. 750 ಎಂಎಲ್ ಬಾಟಲಲ್ಲಿ 150 ಎಂಎಲ್‌ನ ಐದು ಗ್ಲಾಸ್ ಬರುತ್ತೆ, ನೀವು ಮೊದಲ ಗ್ಲಾಸಲ್ಲೇ ಬಾಟಲ್ ಅಸಲು ವಸೂಲಿ ಮಾಡ್ತೀರೇನೋ ಅನ್ನೋ ಅನುಮಾನ ನನಗೆ. ನಾವಿಬ್ಬರು ತಿಂದು, ಅದರಲ್ಲಿ ಒಬ್ಬರೇ ಕುಡಿದು, ಬಿಲ್ ಮೂರು ಸಾವಿರ ದಾಟ್ತು, ಇದು ವಾರವಾರ ಬರೋ ಜಾಗ ಆಗಲ್ಲ ಬಿಡಿ. ಮತ್ತೆ ಆ ಸರ್ವಿಸ್ ಚಾರ್ಜ್. ಅದು ಕಡ್ಡಾಯ ಅಲ್ಲ ಅಂತ 2022ರಲ್ಲೇ ಗ್ರಾಹಕರ ಪ್ರಾಧಿಕಾರ ಹೇಳಿದೆ, ಕೇಳಿದ ತಕ್ಷಣ ತೆಗೆದ್ರಿ ನಿಜ, ಕೇಳದೇ ಇರೋರ ಬಿಲ್ಲಲ್ಲೂ ತೆಗೀರಿ. ಬೋರ್ಡಲ್ಲಿ ಕನ್ನಡ ದೊಡ್ಡದಾಗಿ ಬರೆಸಿ, ಅದೂ ಕಾನೂನೇ. ಆ ಹುರಿದ ಹಸಿಮೆಣಸಿನಕಾಯಿ ಮಾತ್ರ ಹೀಗೇ ಇರಲಿ, ಹತ್ತರಲ್ಲಿ ಒಂದೋ ಎರಡೋ ಖಾರ ತಗುಲೋದು ಚೆನ್ನಾಗಿದೆ.

ಸಂಘದವರ ಆತಂಕ ಎಲ್ಲಾ ಸುಳ್ಳು ಅಂತ ನಾನು ಹೇಳ್ತಿಲ್ಲ. ವೈನ್ ಅಂದ್ರೆ ಆರೋಗ್ಯಕ್ಕೆ ಒಳ್ಳೇದು ಅಂತ ಗ್ರೂಪಲ್ಲಿ ಒಬ್ಬ ಹುಡುಗ ವಾದ ಮಾಡ್ತಿದ್ದ, ಹಂಗೆಲ್ಲ ಏನಿಲ್ಲಪ್ಪ, 13% ಆದ್ರೂ ಆಲ್ಕೋಹಾಲ್ ಆಲ್ಕೋಹಾಲೇ, ಕುಡಿದು ಗಾಡಿ ಓಡಿಸಿದ್ರೆ ಪೊಲೀಸರ ಮೆಷಿನ್‌ಗೆ ರಿಯೋಹಾನೂ ಒಂದೇ ರಮ್ಮೂ ಒಂದೇ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದ್ರೆ ಕೇಸು, ಮೊದಲ ಸಲಕ್ಕೇ ಹತ್ತು ಸಾವಿರದವರೆಗೆ ದಂಡ, ಜೈಲೂ ಆಗಬಹುದು. ಶುಕ್ರವಾರ ರಾತ್ರಿ ಮೂರನೇ ಕ್ರಾಸ್ ಮೇಷ್ಟ್ರ ಮನೆ ಗೇಟಿಗೆ ಅಡ್ಡ ಯಾರೋ ಕಾರ್ ನಿಲ್ಲಿಸಿ ಹೋಗಿದ್ದು, ಅವರು ಇನ್ಸುಲಿನ್ ತರೋಕೆ ಹೋಗಲಾಗದೆ ಒದ್ದಾಡಿದ್ದು ನನಗೂ ಗೊತ್ತು. ಅಡುಗೆಮನೆ ಹೊಗೆ ಕೊಳವೆ ಹಿಂದಿನ ಮನೆ ಮೊದಲ ಮಹಡಿ ಕಿಟಕಿಗೇ ನೇರ ಬಿಟ್ಟಿದ್ದಾರೆ, ಹಾದಿ ಮೇಲೆ ನಿಂತವನಿಗೆ ಬೆಳ್ಳುಳ್ಳಿ ವಾಸನೆ ಬಾಯಲ್ಲಿ ನೀರು ತರಿಸಬಹುದು, ದಿನಾ ರಾತ್ರಿ ಹನ್ನೊಂದರವರೆಗೆ ಅದೇ ವಾಸನೇಲಿ ಮಲಗೋ ಆ ಅಜ್ಜಿಗೆ ಅದು ನರಕ.

ಇವೆಲ್ಲಾ ನಿಜವಾದ ದೂರು. ಆದ್ರೆ ನಿಮ್ಮ ಹಾಳೇಲಿ ಇದ್ಯಾವುದೂ ಇಲ್ಲ! ಬರೀ ಸಂಸ್ಕೃತಿ, ಧಕ್ಕೆ, ರದ್ದು. ಅಂಥ ಅರ್ಜಿನ ಯಾವ ಅಧಿಕಾರಿ ಓದಿ ಏನು ಮಾಡಬೇಕು ಹೇಳಿ. ಹಿಡಿಯೋಕೆ ಕಾನೂನು ಬೇಕಾದಷ್ಟಿದೆ. ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು ಅನ್ನೋ ನಿಯಮ ಇದೆ, ಅನುಮಾನ ಇದ್ರೆ ಗಣಪತಿ ಗುಡಿಯಿಂದ ಟೇಪ್ ಹಿಡಿದು ಅಳೀರಿ, ನಾನೂ ಒಂದು ತುದಿ ಹಿಡ್ಕೋತೀನಿ, ಒಳಗೆ ಬಂದ್ರೆ ಮೊದಲ ಸಹಿ ನಂದೇ. 21 ವರ್ಷ ಆಗದವರಿಗೆ ಕೊಡೋ ಹಾಗಿಲ್ಲ, ಕೊಟ್ಟಿದ್ದು ಕಂಡ್ರೆ ಅಬಕಾರಿ ಇಲಾಖೆಗೆ ಬರೀರಿ. ಶಬ್ದದ ನಿಯಮ 2000ನೇ ಇಸವಿಯಿಂದ ಇದೆ, ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್, ರಾತ್ರಿ ಹತ್ತರ ಮೇಲೆ ಹೊರಗೆ ಲೌಡ್‌ಸ್ಪೀಕರ್ ಬಂದ್. (ಇದೇ ನಿಯಮ ನಮ್ಮ ಗಣೇಶೋತ್ಸವದ ಆರ್ಕೆಸ್ಟ್ರಾಗೂ ಅನ್ವಯ ಆಗುತ್ತೆ, ಆ ಮಾತು ಈಗ ಬೇಡ ಅಂದ್ರೆ ಬೇಡ.)

ನಾನು ಕೇಳೋದು ಇಷ್ಟು. ಆ ಹಾಳೆ ವಾಪಸ್ ತಗೊಳ್ಳಿ, ಭಾನುವಾರದ ಮೀಟಿಂಗಿಗೆ ಮಾಲೀಕರನ್ನೂ ಕರೆಸಿ. ನಗರದಲ್ಲಿ ರಾತ್ರಿ ಒಂದರವರೆಗೆ ತೆಗೆಯೋಕೆ 2024ರಲ್ಲಿ ಸರ್ಕಾರ ಅವಕಾಶ ಕೊಟ್ಟಿರಬಹುದು, ನಮ್ಮ ಕಾರ್ನರ್‌ನಲ್ಲಿ ಹನ್ನೊಂದಕ್ಕೆ ಕೊನೇ ಆರ್ಡರ್ ಅಂತ ಬರಹದಲ್ಲಿ ಒಪ್ಪಿಸೋಣ. ಹೊಗೆ ಕೊಳವೆ ತಾರಸಿವರೆಗೂ ಎತ್ತರಿಸಲಿ. ಶುಕ್ರವಾರ ಶನಿವಾರ ಪಾರ್ಕಿಂಗ್ ನೋಡೋಕೆ ಒಬ್ಬ ಸೆಕ್ಯುರಿಟಿ ಇಡಲಿ, ಕ್ರಾಸ್ ಒಳಗೆ ಕಾರ್ ಬಿಡಬಾರದು. ಖಾಲಿ ಬಾಟಲ್‌ಗಳನ್ನ ರಾತ್ರಿ ಹನ್ನೆರಡಕ್ಕೆ ಡ್ರಮ್ಮಿಗೆ ಸುರಿಯೋದು ನಿಲ್ಲಿಸಲಿ, ಆ ಸದ್ದಿಗೆ ನನಗೇ ಎಚ್ಚರ ಆಗುತ್ತೆ. ಇಷ್ಟಕ್ಕೂ ಒಪ್ಪದೇ ದರ್ಪ ತೋರಿಸಿದ್ರೆ ಆಮೇಲೆ ಅಬಕಾರಿ, ಪಾಲಿಕೆ, ಪೊಲೀಸ್, ಎಲ್ಲಾ ಕಡೆ ನಾನೇ ಓಡಾಡ್ತೀನಿ. ಒಪ್ಪಿದ್ರೆ ಇರಲಿ ಬಿಡಿ, ಸಂಜೆ ಹೊತ್ತು ಆ ಕತ್ತಲೆ ಮೂಲೇಲಿ ಒಂದು ಬೆಳಕಾದ್ರೂ ಇದೆ.

ಮತ್ತೆ ಅದೇ ಮೀಟಿಂಗಲ್ಲಿ ಬಸ್ ಸ್ಟಾಪ್ ಪಕ್ಕದ ಅಂಗಡಿ ಮುಂದಿನ ಫುಟ್‌ಪಾತ್ ವಿಷಯನೂ ಅಜೆಂಡಾದಲ್ಲಿ ಸೇರಿಸಿ. ಅದರ ಅರ್ಜಿ ನಾನೇ ಬರ್ಕೊಂಡು ಬರ್ತೀನಿ, ಜೆರಾಕ್ಸ್ ಖರ್ಚೂ ನಂದೇ, ಮನೆ ಮನೆಗೆ ತಗೊಂಡು ಹೋಗೋಕೆ ಇಬ್ಬರು ಜೊತೆಗೆ ಬೇಕು. ಬರೋರು ಶನಿವಾರದೊಳಗೆ ಹೇಳಿ.

ಇಂತಿ,
ನಾಲ್ಕನೇ ಕ್ರಾಸಿನ ಸಹಕರಿಸದ ನಿವಾಸಿ